ಇಪ್ಪತ್ನಾಲ್ಕು ಇಂಚು ಸಾಕು

ದೊಡ್ಡ ಟಿವಿಯ ವಿರುದ್ಧ ನಾಲ್ಕು ಮಾತು ಬರೆಯಲು ಕೂತಿದ್ದೇನೆ. ಕೊಳ್ಳಲು ರೊಕ್ಕವಿಲ್ಲದವನ ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ. ನಮ್ಮ ಬೇವೂರಿನಲ್ಲಿ ಈಗ ಹಲವರ ಪಡಸಾಲೆಯ ಗೋಡೆಯ ಮೇಲೆ ಕರಿಹಲಗೆಯಷ್ಟು ಅಗಲದ ಟಿವಿ ಕೂತಿದೆ. ನಾನು ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದವನು. ಹಲಗೆ ದೊಡ್ಡದಾದ ಮಾತ್ರಕ್ಕೆ ಪಾಠ ತಲೆಗೆ ಹತ್ತುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಡೆದದ್ದು ಇಷ್ಟು. ಮುಂಗಾರಿನ ಮೊದಲ ಸಿಡಿಲಿಗೆ ನಮ್ಮ ಮನೆಯ ಹಳೆಯ ಟಿವಿ ಸುಟ್ಟುಹೋಯಿತು. ಎಂಬತ್ತೈದು ದಾಟಿದ ಅವ್ವನಿಗೆ ಸಂಜೆ ಕಳೆಯುವುದೇ ಕಷ್ಟವಾಯಿತು. ಅದೇ ಹೊತ್ತಿಗೆ ತಮ್ಮನ ಮಗ ಹುಬ್ಬಳ್ಳಿಯ ಗೆಳೆಯನಿಂದ ಅರ್ಧ ಬೆಲೆಗೆ ಒಂದು ಹಳೆಯ ಕಂಪ್ಯೂಟರ್ ಡಬ್ಬಿ ಹೊತ್ತು ತಂದ. ಡಬ್ಬಿ ಬಂತು, ಪರದೆ ಇಲ್ಲ. ಹೀಗೆ ಮನೆಯಲ್ಲಿ ಬೇಡಿಕೆ ಎರಡು, ರೊಕ್ಕ ಒಂದರದ್ದು. ಇದರ ಮೇಲೆ ತಮ್ಮನದು ಮೂರನೆಯ ಲೆಕ್ಕ. ಅವನ ಮಗಳನ್ನು ನೋಡಲು ದೀಪಾವಳಿ ಮುಗಿದ ಮೇಲೆ ಬೀಗರು ಬರುವವರಿದ್ದರು.

"ಅಣ್ಣಾ, ನಲವತ್ಮೂರು ಇಂಚಿಂದು ತರೂಣು. ಕಂತಿನ ಮ್ಯಾಲೆ ಕೊಡ್ತಾರ. ಬಂದವರು ಗ್ವಾಡಿ ನೋಡ್ತಾರ," ಎಂದ ತಮ್ಮ.

"ಬಂದವರು ಹುಡುಗೀನ್ನ ನೋಡಾಕ ಬರ್ತಾರೋ, ಗ್ವಾಡಿ ನೋಡಾಕ ಬರ್ತಾರೋ?" ಎಂದು ಕೇಳಿದೆ. ಜಗಳ ಅಲ್ಲಿಂದಲೇ ಶುರುವಾಯಿತು.

ಮೊದಲು ಅಳತೆಯ ಮಾತು ಮುಗಿಸಿಬಿಡುತ್ತೇನೆ. ನಮ್ಮ ಪಡಸಾಲೆಯ ಅಗಲ ಒಂಬತ್ತು ಅಡಿ. ಅವ್ವನ ಹೊರಸಿನಿಂದ ಎದುರಿನ ಮೇಜಿಗೆ ಆರೇಳು ಅಡಿ. ಹುಡುಗ ಅದೇ ಮೇಜಿಗೆ ಕುರ್ಚಿ ಎಳೆದು ಕೂತರೆ ಅವನ ಕಣ್ಣಿಗೂ ಪರದೆಗೂ ಎರಡಡಿ. ನಲವತ್ಮೂರು ಇಂಚಿನ ಟಿವಿ ಮೂರಡಿಗೂ ಹೆಚ್ಚು ಅಗಲ ಇರುತ್ತದೆ. ಎರಡಡಿ ದೂರದಲ್ಲಿ ಕೂತು ಮೂರಡಿ ಅಗಲದ್ದನ್ನು ನೋಡುವವನು ಹೊಲದ ಬದುವಿನ ಮೇಲೆ ನಿಂತು ಈ ಕಡೆಯ ಎತ್ತು ಆ ಕಡೆಯ ಎತ್ತು ನೋಡುವವನ ಹಾಗೆ ಕತ್ತು ತಿರುಗಿಸುತ್ತಲೇ ಇರಬೇಕು. ಮೂಲೆಯಲ್ಲಿ ಬಂದ ವೈರಿ ಅವನನ್ನು ಹೊಡೆದು ಹೋದ ಮೇಲೆಯೇ ಇವನಿಗೆ ಕಾಣುವುದು.

"ಹಂಗಾದ್ರ ಮೂವತ್ತೆರಡು ತಗೋರಿ, ಸರ," ಎಂದರು ನವನಗರದ ಒಂದು ಅಂಗಡಿಯಲ್ಲಿ. ಬೆಲೆ ಕಡಿಮೆಯೇ ಇತ್ತು. ಡಬ್ಬಿಯ ಮೇಲೆ 'ಎಚ್‌ಡಿ ರೆಡಿ' ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಈ 'ರೆಡಿ' ಎಂಬ ಪದದ ಬಗ್ಗೆ ಎಚ್ಚರವಿರಲಿ. ಊಟ ರೆಡಿ ಎಂದವರು ಕೆಲವೊಮ್ಮೆ ಒಲೆಯನ್ನೇ ಹಚ್ಚಿರುವುದಿಲ್ಲ. ಅಂಥ ಪರದೆಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆ ಇರುತ್ತವೆ; ಒಟ್ಟು ಹತ್ತೂವರೆ ಲಕ್ಷದಷ್ಟು. ಇಪ್ಪತ್ನಾಲ್ಕು ಇಂಚಿನ ಸಾಧಾರಣ ಕಂಪ್ಯೂಟರ್ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಒಟ್ಟು ಇಪ್ಪತ್ತು ಲಕ್ಷದ ಮೇಲೆ. ಸಣ್ಣದರಲ್ಲಿ ಚುಕ್ಕೆ ದುಪ್ಪಟ್ಟು!

ಇದನ್ನು ನಮ್ಮ ಓಣಿಯ ಮುದುಕ ನೇಕಾರರೊಬ್ಬರಿಗೆ ಹೇಳಿದೆ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಆದರೆ ಕೇಳಿದ ಪ್ರಶ್ನೆ ಒಂದೇ: "ಇಂಚಿಗೆ ಎಳಿ ಎಷ್ಟ್ರೀ ಮಾಸ್ತರ?" ಲೆಕ್ಕ ಹಾಕಿದೆ. ಮೂವತ್ತೆರಡರದ್ದಕ್ಕೆ ಇಂಚಿಗೆ 49, ಇಪ್ಪತ್ನಾಲ್ಕರದ್ದಕ್ಕೆ 92. "ಮತ್ತೇನು ಕೇಳ್ತೀರಿ? ಒಂದು ಜಾಳಿಗಿ, ಇನ್ನೊಂದು ಅರಿವಿ," ಎಂದರು. ಇಳಕಲ್ಲ ಸೀರೆಯ, ಗುಳೇದಗುಡ್ಡದ ಖಣದ ಸೀಮೆಯಲ್ಲಿ ಹುಟ್ಟಿದ ನಾವು ಬಟ್ಟೆಯನ್ನು ಎಳೆಯಿಂದ ಅಳೆಯುತ್ತೇವೆ. ಖಣ ಎಂದರೆ ಒಂದು ಕುಪ್ಪಸದಷ್ಟು ಬಟ್ಟೆ. ಅದು ಸೀರೆಯಷ್ಟು ಉದ್ದ ಯಾಕಿಲ್ಲ ಎಂದು ಇಂದಿನವರೆಗೆ ಯಾವ ಹೆಣ್ಣುಮಗಳೂ ಕೇಳಿಲ್ಲ. ಟಿವಿ ಅಂಗಡಿಗೆ ಕಾಲಿಟ್ಟ ಕೂಡಲೇ ನಮ್ಮ ಈ ಬುದ್ಧಿ ಚಪ್ಪಲಿಯ ಜೊತೆ ಹೊರಗೆ ಉಳಿಯುತ್ತದೆ.

"ಅಷ್ಟು ಸಣ್ಣದು ಅವ್ವಗ ಕಾಣಂಗಿಲ್ಲ" ಎಂಬುದು ತಮ್ಮನ ಎರಡನೆಯ ತಕರಾರು. ಇದು ಕೇಳಬೇಕಾದ ಮಾತು. ಅವ್ವ ಇಪ್ಪತ್ತು ವರ್ಷ ನೋಡಿದ್ದು ಐವತ್ತೊಂದು ಸೆಂಟಿಮೀಟರಿನ ಕೊಳವೆಯ ಟಿವಿ. ಅದರ ಚಿತ್ರದ ಎತ್ತರ ಸುಮಾರು ಹನ್ನೆರಡು ಇಂಚು. ಇಪ್ಪತ್ನಾಲ್ಕು ಇಂಚಿನ ಈಗಿನ ಚಪ್ಪಟೆ ಪರದೆಯ ಎತ್ತರವೂ ಹೆಚ್ಚುಕಡಿಮೆ ಹನ್ನೆರಡೇ, ಅಗಲ ಮಾತ್ರ ಹೆಚ್ಚು. ಆಗ ಮುಖ ಕಂಡಷ್ಟೇ ದೊಡ್ಡದಾಗಿ ಈಗಲೂ ಕಾಣುತ್ತದೆ. ಆಗ ಯಾರೂ ಅವ್ವನ ಕಣ್ಣಿನ ಚಿಂತೆ ಮಾಡಿರಲಿಲ್ಲ. ಈಗ ಕಂತಿನ ಟಿವಿ ತರಲು ಅವ್ವನ ಕಣ್ಣು ನೆಪವಾಯಿತು.

1988ರಲ್ಲಿ ರಾಮಾಯಣ ಧಾರಾವಾಹಿ ಬರುತ್ತಿದ್ದಾಗ ನಾನು ನೋಡಿದ್ದು ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಟಿವಿಯಲ್ಲಿ. ರವಿವಾರ ಬೆಳಿಗ್ಗೆ ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಹಚ್ಚುತ್ತಿದ್ದರು. ಆ ಸಣ್ಣ ಟಿವಿಗಳು ಹನ್ನೆರಡು ವೋಲ್ಟಿಗೂ ನಡೆಯುತ್ತಿದ್ದವು. ಒಬ್ಬ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವವನು, ಒಬ್ಬ ಕೆಳಗಿನಿಂದ "ಬಂತು, ಬಂತು, ಹೋತು" ಎಂದು ಕೂಗುವವನು. ಅಂಗಳದಲ್ಲಿ ನಲವತ್ತು ಜನ. ಎಂಟೂವರೆ ಇಂಚು ಎತ್ತರದ ರಾಮನಿಗೆ ಊದಿನಕಡ್ಡಿ ಬೆಳಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಾಲ ಬಂಗಾರದ್ದು ಎಂದು ಹೇಳುವವನಲ್ಲ ನಾನು. ಅಂಗಳದ ಹೊರಗೆ ನಿಂತು ನೋಡಬೇಕಾದವರು ಯಾರು, ಒಳಗೆ ಕೂಡುವವರು ಯಾರು ಎಂಬುದು ಆಗಲೂ ಊರಿಗೆ ಗೊತ್ತಿತ್ತು. ಆದರೆ ಮನೆಮಂದಿಯನ್ನು ಕೂಡಿಸುವುದು ಪರದೆಯ ಅಗಲ ಎಂಬ ಅಂಗಡಿಯವರ ಮಾತು ಸುಳ್ಳು ಎನ್ನಲು ಆ ಹದಿನಾಲ್ಕು ಇಂಚೇ ಸಾಕ್ಷಿ.

ಈಗ ಹುಡುಗನ ಮಾತಿಗೆ ಬರುತ್ತೇನೆ. ಅವನು ತನ್ನ ಅಪ್ಪನ ಮುಂದೆ ಹೇಳಿದ್ದು, "ಓದಾಕ ಬೇಕಪ್ಪಾ." ನನ್ನ ಹತ್ತಿರ ಬಂದಾಗ ನಾನು ಅವನ ಮುಖ ನೋಡಿ ಕೇಳಿದೆ, "ಖರೇ ಹೇಳು, ಓದಾಕೋ ಆಡಾಕೋ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಆಡಾಕ, ದೊಡ್ಡಪ್ಪಾ. ಓದಾಕ ಮೊಬೈಲ್ ಸಾಕಾಗ್ತೈತಿ."

ಓದುಗರೇ, ಈ ಲೇಖನ ಬರೆಯಲು ನಿಜವಾದ ಕಾರಣ ಈ ಮಾತು. ನಮ್ಮ ಎಷ್ಟೋ ಮನೆಗಳಿಗೆ ಕಂಪ್ಯೂಟರ್ 'ಓದಿಗೆ' ಎಂಬ ಸುಳ್ಳಿನ ಬಾಗಿಲಿನಿಂದಲೇ ಬರುತ್ತದೆ. ಈ ಸುಳ್ಳನ್ನು ಮಕ್ಕಳಿಗೆ ಕಲಿಸಿದವರು ನಾವು. ಅವ್ವ ಮೂರು ತಾಸು ಧಾರಾವಾಹಿ ನೋಡಿದರೆ ಅದು ವಿಶ್ರಾಂತಿ. ತಮ್ಮ ರಾತ್ರಿ ಹನ್ನೊಂದರ ತನಕ ಸುದ್ದಿಯ ಚೀರಾಟ ಕೇಳಿದರೆ ಅದು ಲೋಕಜ್ಞಾನ. ಹುಡುಗ ಒಂದು ತಾಸು ಕಾಲ್ಚೆಂಡಿನ ಆಟ ಆಡಿದರೆ ಅದು ಕೆಟ್ಟ ಚಟ. ಆಟದ ಹೆಸರಿನಲ್ಲಿ ಜೂಜು ನಡೆದದ್ದು ನಿಜ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು, ಒಳ್ಳೆಯದೇ ಆಯಿತು. ಆದರೆ ರೊಕ್ಕವಿಲ್ಲದ ಆಟವೂ ಜೂಜೂ ಒಂದೇ ಅಲ್ಲ. ಚೌಕಾಬಾರ ಆಡಿದ ನಮ್ಮ ಆಯಿಯರೆಲ್ಲ ಕೆಟ್ಟುಹೋದರೇನು? ಆಟಕ್ಕೆ ಎಂದು ಹೇಳಿ ಕೊಂಡರೆ ಆಟಕ್ಕೆ ಎಷ್ಟು ಹೊತ್ತು ಎಂದು ಮಾತಾಡಬಹುದು. ಓದಿಗೆ ಎಂದು ಕೊಂಡರೆ ಅಂಥ ಮಾತಿಗೆ ಜಾಗವೇ ಇಲ್ಲ. ಮಗ ಬಾಗಿಲು ಹಾಕಿಕೊಳ್ಳುತ್ತಾನೆ, ಅಪ್ಪ ಹೊರಗೆ ನಿಂತು ಕಿವಿಗೊಡುತ್ತಾನೆ.

ಆಟಕ್ಕೆ ಎಂದ ಮೇಲೆ ಆಟಕ್ಕೆ ತಕ್ಕ ಪರದೆಯನ್ನೇ ಆರಿಸಬೇಕಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮ್ ಬಂದಿತ್ತು. ಅದರ ಜೊತೆ ಪ್ಲಾಸ್ಟಿಕ್ ಬಂದೂಕು ಕೊಡುತ್ತಿದ್ದರು, ಬಾತುಕೋಳಿ ಹೊಡೆಯಲಿಕ್ಕೆ. ಆ ಬಂದೂಕು ಇಂದಿನ ಚಪ್ಪಟೆ ಟಿವಿಯ ಮುಂದೆ ಕೆಲಸ ಮಾಡುವುದಿಲ್ಲ. ಕೊಳವೆಯ ಟಿವಿ ಬಂದ ಚಿತ್ರವನ್ನು ಬಂದ ಹಾಗೆಯೇ ತೋರಿಸುತ್ತಿತ್ತು, ಬಂದೂಕು ಆ ಬೆಳಕಿನ ವೇಳೆಯನ್ನೇ ನಂಬಿತ್ತು. ಈಗಿನ ಟಿವಿ ಚಿತ್ರ ಬಂದ ಮೇಲೆ ಅದಕ್ಕೆ ಬಣ್ಣ ಬಳಿದು, ತಿದ್ದಿ ತೀಡಿ, ಆಮೇಲೆ ತೋರಿಸುತ್ತದೆ. ಧಾರಾವಾಹಿಯ ಅತ್ತೆ ಕಣ್ಣು ಕೆಂಪು ಮಾಡುವುದು ಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾದರೆ ನಷ್ಟವಿಲ್ಲ. ಆಟದಲ್ಲಿ ಅಷ್ಟು ತಡವಾದರೆ ಚೆಂಡು ಗೋಲಿನೊಳಗೆ. ಟಿವಿಯಲ್ಲಿ 'ಗೇಮ್ ಮೋಡ್' ಒತ್ತಿದರೆ ಈ ಶೃಂಗಾರ ಕಡಿಮೆಯಾಗುತ್ತದೆ. ಮಾನಿಟರಿಗೆ ಮೊದಲಿನಿಂದಲೂ ಶೃಂಗಾರದ ಗೀಳು ಕಡಿಮೆ.

ಅಂಗಡಿಯ ಚೀಟಿಯ ಅಂಕಿಗಳನ್ನು ನೋಡಿ ಮರುಳಾಗಬೇಡಿ. '144 ಹರ್ಟ್ಜ್' ಎಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಶಕ್ತಿ. ಕಂಪ್ಯೂಟರ್ ಡಬ್ಬಿಗೆ ಅಷ್ಟು ಚಿತ್ರ ಬರೆಯುವ ತ್ರಾಣವಿಲ್ಲದಿದ್ದರೆ ಅದು ಕುಂಟೆತ್ತಿಗೆ ಕಟ್ಟಿದ ಹೊಸ ಗಾಡಿ. 'ಒಂದು ಮಿಲಿಸೆಕೆಂಡ್' ಎಂದು ಬರೆದದ್ದನ್ನು ಅಳೆಯುವ ರೀತಿ ಒಂದೇ ಅಲ್ಲ. ತಮಗೆ ಅನುಕೂಲವಾದದ್ದನ್ನು ಅವರು ಅಚ್ಚು ಹಾಕಿಸುತ್ತಾರೆ. ನೋಡಬೇಕಾದದ್ದು ಪರದೆಯ ಜಾತಿ. 'ಟಿಎನ್' ಎಂಬುದು ಅಗ್ಗ, ಚುರುಕು. ಆದರೆ ಕೆಳಗಿನಿಂದ ನೋಡಿದರೆ ಮುಖಗಳು ಕಪ್ಪಿಟ್ಟು ಕಾಣುತ್ತವೆ. ಅವ್ವ ತಗ್ಗಿನ ಹೊರಸಿನ ಮೇಲೆ ಮಲಗಿ ನೋಡುವವಳು. ಅವಳಿಗೆ ಎಲ್ಲ ಸೊಸೆಯರೂ ದೆವ್ವದ ಹಾಗೆ ಕಂಡಾರು. 'ವಿಎ' ಎಂಬುದರಲ್ಲಿ ಕಪ್ಪು ಚೆಂದ, ಆದರೆ ಕತ್ತಲ ದೃಶ್ಯದಲ್ಲಿ ಬೇಗ ಓಡುವುದು ಮಸಿ ಸವರಿದಂತೆ ಕಾಣುವುದುಂಟು. 'ಐಪಿಎಸ್' ಎಂಬುದು ಯಾವ ಮಗ್ಗುಲಿನಿಂದ ನೋಡಿದರೂ ಬಣ್ಣ ಕೆಡಿಸುವುದಿಲ್ಲ. ಕುರ್ಚಿಯ ಮೇಲೆ ಮೊಮ್ಮಗ, ಹೊರಸಿನ ಮೇಲೆ ಅಜ್ಜಿ ಇರುವ ಮನೆಗೆ ಅದೇ ಸರಿ.

ಮಾನಿಟರಿನ ಕುಂದನ್ನೂ ಮುಚ್ಚಿಡಬಾರದು. ಅದಕ್ಕೆ ವಾಹಿನಿ ಹಿಡಿಯುವ ಶಕ್ತಿಯಿಲ್ಲ, ಸೆಟ್‌ಟಾಪ್ ಬಾಕ್ಸ್ ಬೇಕೇ ಬೇಕು. ಆ ಬಾಕ್ಸಿಗೆ ಎಚ್‌ಡಿಎಂಐ ತೂತು ಇರಬೇಕು. 2004ರ ಡಿಸೆಂಬರಿನಲ್ಲಿ ದೂರದರ್ಶನ ಶುರು ಮಾಡಿದ ಉಚಿತ ಡಿಶ್ ಸೇವೆಯನ್ನು ತಿಂಗಳ ಬಾಡಿಗೆಯಿಲ್ಲದೆ ಬಡವರೂ ನೋಡುತ್ತಾರೆ, ಒಳ್ಳೆಯದು. ಆದರೆ ಅದರ ಅಗ್ಗದ ಬಾಕ್ಸುಗಳಲ್ಲಿ ಹಲವಕ್ಕೆ ಕೆಂಪು-ಬಿಳಿ-ಹಳದಿ ವೈರು ಮಾತ್ರ ಇರುತ್ತದೆ. ಅದನ್ನು ಮಾನಿಟರಿಗೆ ನೇರ ಹಚ್ಚಲು ಬರುವುದಿಲ್ಲ. ಇದನ್ನು ಅಂಗಡಿಯವರು ಹೇಳಲಿಲ್ಲ. ನಾನು ಎರಡನೆಯ ಸಲ ಬಸ್ ಹತ್ತಿ ಹೋಗಿ ಬಾಕ್ಸ್ ಬದಲಿಸಿ ತಂದೆ. ಬಹಳಷ್ಟು ಮಾನಿಟರುಗಳಿಗೆ ಧ್ವನಿಯೂ ಇಲ್ಲ. ಮಾನಿಟರಿನ ಹಿಂದೆ ಕಿವಿವೈರು ಚುಚ್ಚುವ ತೂತಿಗೆ ಒಂದು ಸಣ್ಣ ಸ್ಪೀಕರ್ ಹಚ್ಚಿ ಅವ್ವನ ತಲೆದಿಂಬಿನ ಹತ್ತಿರ ಇಟ್ಟೆವು. ಕಿವಿ ಮಂದವಾದ ಅವ್ವನಿಗೆ ಗೋಡೆಯ ಟಿವಿಗಿಂತ ಇದೇ ಚೆನ್ನಾಗಿ ಕೇಳಿಸಿತು. ಓಣಿಗೆಲ್ಲ ನಮ್ಮ ಧಾರಾವಾಹಿ ಕೇಳಿಸುವುದು ನಿಂತಿತು.

"ಈಗ ತೆರಿಗಿ ಇಳದೈತಿ ಅಣ್ಣಾ," ಎಂದು ತಮ್ಮ ಕೊನೆಯ ಬಾಣ ಬಿಟ್ಟ. ನಿಜ. 2019ರ ಜನವರಿಯಿಂದ ಮೂವತ್ತೆರಡು ಇಂಚಿನವರೆಗೆ ಜಿಎಸ್‌ಟಿ ಶೇಕಡಾ 18, ಅದಕ್ಕೂ ದೊಡ್ಡದಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18 ಆಯಿತು. ತೆರಿಗೆ ಇಳಿಯಿತು, ನಮ್ಮ ಪಡಸಾಲೆ ಬೆಳೆಯಲಿಲ್ಲ. ಸಣ್ಣದನ್ನು ಕೊಳ್ಳುವವನಿಗೆ ಇದ್ದ ಒಂದು ಸಣ್ಣ ಮರ್ಯಾದೆಯೂ ಹೋಯಿತು, ಅಷ್ಟೇ.

ಕೊನೆಗೆ ತಂದದ್ದು ಇಪ್ಪತ್ನಾಲ್ಕು ಇಂಚಿನ ಐಪಿಎಸ್ ಮಾನಿಟರ್, ನಗದಿಗೆ. ಕಂತಿಗೆ ಹೋಗಬೇಕಾಗಿದ್ದ ರೊಕ್ಕದಲ್ಲಿ ಒಂದು ಪಾಲು ಹುಡುಗಿಯ ಬಿ.ಎಡ್. ಶುಲ್ಕಕ್ಕೆ ಹೋಯಿತು. ಸಂಜೆ ಏಳರಿಂದ ಒಂಬತ್ತು ಅವ್ವನದು, ಒಂಬತ್ತರಿಂದ ಹತ್ತೂವರೆ ಹುಡುಗನದು ಎಂದು ಒಪ್ಪಂದವಾಯಿತು. ಸೋಲನ್ನೂ ಒಪ್ಪಿಕೊಳ್ಳುತ್ತೇನೆ. ಕ್ರಿಕೆಟ್ಟಿನ ದಿನ ಓಣಿಯ ಹುಡುಗರು ನಮ್ಮ ಮನೆಗೆ ಬರಲಿಲ್ಲ, ನಮ್ಮ ಹುಡುಗನೇ ಅವರ ಮನೆಗೆ ಹೋದ. ಹತ್ತು ಜನಕ್ಕೆ ಈ ಪರದೆ ಸಾಲದು. ಹತ್ತು ಜನ ನಿತ್ಯ ಬರುವ ಮನೆಯವರು ದೊಡ್ಡದನ್ನೇ ತರಲಿ, ನನ್ನ ಜಗಳ ಅವರೊಡನೆ ಅಲ್ಲ.

ಬೀಗರು ಬಂದರು. ಅವಲಕ್ಕಿ, ಚಹಾ ಮುಗಿದ ಮೇಲೆ ಅವರ ಹಿರಿಯರೊಬ್ಬರು ಗೋಡೆ ನೋಡಿ, "ಟಿವಿ ಎಲ್ಲಿ ಇಟ್ಟೀರಿ?" ಎಂದರು. ತಮ್ಮ ತಲೆ ತಗ್ಗಿಸಿದ. ಅವ್ವ ಹೊರಸಿನಿಂದಲೇ ಮೇಜಿನ ಕಡೆ ಕೈ ಮಾಡಿ ಅಂದಳು, "ಅಲ್ಲೈತಿ ನೋಡ್ರಿ. ನಂದೂ ಅದ, ನನ್ನ ಮೊಮ್ಮಗಂದೂ ಅದ. ಈಗ ಬ್ಯಾಡ್ರಿ, ಮಾತಾಡೂಣು."

ಆ ಸಂಬಂಧ ಕೂಡಲಿಲ್ಲ. ಟಿವಿಯ ಕಾರಣಕ್ಕಲ್ಲ. ಬಿ.ಎಡ್. ಮುಗಿಯುವ ತನಕ ಒಲ್ಲೆ ಎಂದು ಹುಡುಗಿಯೇ ಅಂದಳು. ತಮ್ಮ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಎಂಟನೆಯ ದಿನ ರಾತ್ರಿ ಒಂಬತ್ತೂವರೆಗೆ ನಾನು ನೀರು ಕುಡಿಯಲು ಎದ್ದು ಬಂದರೆ, ಮಗನ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, "ಅಲ್ಲೋ, ಆ ಕಡಿ ಹೊಡಿ, ಆ ಕಡಿ!" ಎಂದು ಮೆಲ್ಲಗೆ ಹೇಳುತ್ತಿದ್ದ. ನನ್ನನ್ನು ಕಂಡವನೇ ಗಂಭೀರನಾಗಿ, "ಹುಡುಗ ಏನು ಓದ್ತಾನ ಅಂತ ನೋಡಾಕತ್ತಿದ್ದೆ," ಎಂದ.