ಊಟದ ಕೌಂಟರಿನ ಮುಂದೆ ನಮ್ಮ ನಡತೆ

ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಕಾಸರಗೋಡು ಪೇಟೆಯ ಊಟದ ಹೋಟೆಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪೆರ್ಲ, ಮುಳ್ಳೇರಿಯ, ಉಪ್ಪಳ ಕಡೆಗಳಿಂದ ಕಚೇರಿಗೂ ಆಸ್ಪತ್ರೆಗೂ ಬಂದವರು, ಅಂಗಡಿಗಳ ನೌಕರರು, ಎಲ್ಲರಿಗೂ ಹಸಿವು ಒಂದೇ ಹೊತ್ತಿಗೆ. ಟೋಕನು ಕೊಡುವವರು ಒಬ್ಬರು, ಮುಂದೆ ಚಾಚಿದ ಕೈಗಳು ಹತ್ತು. ಆ ಹತ್ತರಲ್ಲಿ ನಮ್ಮ ಕೈಯೂ ಒಂದು. ಆದುದರಿಂದ ಇಲ್ಲಿ ಹೇಳುವ ಮಾತು ನಮಗೂ ಸೇರಿದ್ದು.

ಈಚೆಗೆ ಒಂದು ದಿನ ನಮ್ಮ ಮುಂದೆ ನಿಂತಿದ್ದ ಹಿರಿಯರೊಬ್ಬರು ಮೊಬೈಲನ್ನು ಕಿವಿಗೆ ಹಚ್ಚಿ ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು. ಯಾವುದೋ ಕಚೇರಿಯಲ್ಲಿ ಅವರ ಕನ್ನಡ ಅರ್ಜಿಯನ್ನು ತೆಗೆದುಕೊಳ್ಳಲಿಲ್ಲವಂತೆ. ಗುಮಾಸ್ತ ಮುಖವೆತ್ತಿ ನೋಡಲೂ ಇಲ್ಲವಂತೆ. ಅಷ್ಟರಲ್ಲಿ ಕೌಂಟರಿನ ಹೆಂಗಸು, "ಕುಚ್ಚಿಲೋ, ಬೆಳ್ತಿಗೆಯೋ?" ಎಂದು ಎರಡು ಬಾರಿ ಕೇಳಿದರು. ಮೂರನೆಯ ಬಾರಿಗೆ ಸಿಕ್ಕಿದ ಉತ್ತರ: "ಎಂತಾದರೂ ಕೊಡು, ಬೇಗ!" ಹಿರಿಯರು ಆಕೆಯತ್ತ ಮುಖವೆತ್ತಿ ನೋಡಲಿಲ್ಲ.

ಅವರ ದೂರು ನ್ಯಾಯವಾದುದೇ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. 1956ರಿಂದಲೂ ನಾವು ಕೇಳುತ್ತಿರುವುದು ಇಂತಹ ಮರ್ಯಾದೆಯನ್ನೇ. ಆದರೆ ಕಚೇರಿಯ ಕಿಟಕಿಯಲ್ಲಿ ನಾವು ಬಯಸುವ ಮರ್ಯಾದೆಯನ್ನು ಊಟದ ಕಿಟಕಿಯಲ್ಲಿ ನಾವು ಕೊಡುತ್ತಿದ್ದೇವೆಯೇ?

"ದುಡ್ಡು ಕೊಡುವವರು ನಾವಲ್ಲವೇ?" ಎನ್ನುವವರಿದ್ದಾರೆ. ದುಡ್ಡು ಅನ್ನ, ಸಾಂಬಾರು, ಪಲ್ಯಗಳಿಗೆ. ಏಕವಚನದ ಹಕ್ಕು ಆ ದರದಲ್ಲಿ ಸೇರಿಲ್ಲ. ಬಡಿಸುವ ಹೆಂಗಸರಲ್ಲಿ ಅನೇಕರು ನಮ್ಮ ಊರಿನವರೇ. ಕುಟುಂಬಶ್ರೀ ಮಹಿಳೆಯರು 2020ರಲ್ಲಿ ಆರಂಭಿಸಿದ ಜನಕೀಯ ಹೋಟೆಲುಗಳು 20 ರೂಪಾಯಿಗೆ ಊಟ ಕೊಟ್ಟವು. 2023ರಲ್ಲಿ ಸರಕಾರದ ಸಹಾಯಧನ ನಿಂತಿತು, ಬೆಲೆ 30 ರೂಪಾಯಿಗೆ ಏರಿತು. ಆಗ ಅವರ ಮುಂದೆ ಸಿಡುಕಿದವರು ಕಡಿಮೆಯೇನಲ್ಲ. ಅವರ ಕೈಗೆ ಉಳಿಯುವುದೆಷ್ಟು ಎಂದು ಯೋಚಿಸಿದವರು ಎಷ್ಟು ಮಂದಿ? ಇನ್ನು ಬಂಗಾಳ, ಅಸ್ಸಾಮುಗಳಿಂದ ಬಂದ ಹುಡುಗರು ತಟ್ಟೆ ಎತ್ತುತ್ತಿರುತ್ತಾರೆ. ಭಾಷೆ ತಿಳಿಯದ ಊರಿನಲ್ಲಿ ಕಕ್ಕಾಬಿಕ್ಕಿಯಾಗುವುದು ಹೇಗಿರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಲೆಕ್ಕದ ಮಾತೂ ಒಂದಿದೆ. ಒಂದು ಗಂಟೆಯಲ್ಲಿ 120 ಮಂದಿ ಟೋಕನು ಪಡೆಯಬೇಕಾದರೆ ತಲೆಗೆ ಸಿಗುವುದು ಅರ್ಧ ನಿಮಿಷ. ಒಬ್ಬರು ಎರಡು ನಿಮಿಷ ತೆಗೆದುಕೊಂಡರೆ ಇನ್ನೂ ಮೂವರ ಸಮಯವನ್ನು ತಿಂದ ಹಾಗಾಯಿತು. ಏನು ಬೇಕು, ಎಷ್ಟು ಬೇಕು ಎಂಬುದನ್ನು ಸಾಲಿನಲ್ಲಿರುವಾಗಲೇ ನಿಶ್ಚಯಿಸಬಹುದು. ಪಾರ್ಸೆಲು ಬೇಕಿದ್ದರೆ ಮೊದಲೇ ಹೇಳಬಹುದು. ಚಿಲ್ಲರೆ ಕೈಯಲ್ಲಿರಲಿ, ಮೊಬೈಲಿನಲ್ಲಿ ಹಣ ಕಟ್ಟುವುದಾದರೆ ಅದೂ ಸಿದ್ಧವಾಗಿರಲಿ. ಸಾಲಿನ ಮುಂದಿರುವ ಪರಿಚಯದವರ ಕೈಗೆ ದುಡ್ಡು ತುರುಕುವುದು, ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುವುದು, ಚಿಟಿಕೆ ಹೊಡೆದು ಕರೆಯುವುದು, ಇವನ್ನೆಲ್ಲ ಬಿಡಬೇಕು. ಕೇಳಿದ್ದು ಬಾರದಿದ್ದರೆ ಅವಶ್ಯವಾಗಿ ಹೇಳೋಣ. ಬೊಬ್ಬೆ ಹಾಕದೆಯೂ ಹೇಳಬಹುದು. ಕನ್ನಡದಲ್ಲಿ ಅಕ್ಕ, ಮಲೆಯಾಳದಲ್ಲಿ ಚೇಚಿ ಎಂದು ಕರೆದರೆ ನಮ್ಮ ಘನತೆಗೇನೂ ಕುಂದಿಲ್ಲ.

ಹೋಟೆಲಿನವರಿಗೂ ಹೊಣೆಯಿದೆ. ಊಟದ ದರಪಟ್ಟಿಯನ್ನು ಕಣ್ಣಿಗೆ ಬೀಳುವಂತೆ ಹಾಕಿ, ಮಲೆಯಾಳದ ಕೆಳಗೆ ಕನ್ನಡದಲ್ಲೂ ಬರೆದರೆ ಅರ್ಧದಷ್ಟು ಪ್ರಶ್ನೆಗಳು ತಾವಾಗಿಯೇ ನಿಲ್ಲುತ್ತವೆ. ಅದನ್ನು ನಾವು ಕೇಳಬೇಕು, ಆದರೆ ನಗುಮುಖದಿಂದ ಕೇಳಬೇಕು.

ನಮ್ಮ ಮಕ್ಕಳು ನಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಬಹುವಚನವನ್ನು ಶಾಲೆಯ ವ್ಯಾಕರಣದಲ್ಲಿ ಕಲಿಸಬಹುದು. ಅದನ್ನು ಯಾರಿಗೆ ಬಳಸಬೇಕೆಂಬುದನ್ನು ಅವರು ಕಲಿಯುವುದು ಇಂತಹ ಕೌಂಟರುಗಳ ಮುಂದೆ, ನಮ್ಮ ಬಾಯಿಂದ.