ಪ್ರಶ್ನಾವಳಿ ಯಾರ ಬಾಗಿಲಿಗೆ?

ಬಿ.ಎಸ್ಸಿ. ನರ್ಸಿಂಗ್ ಶಿಕ್ಷಣದಲ್ಲಿ ಸಂಶೋಧನೆಯೂ ಒಂದು ಪಾಠವಾಗಿರುವುದರಿಂದ, ಕೊನೆಯ ವರ್ಷದ ವಿದ್ಯಾರ್ಥಿನಿಯರು ಪ್ರಶ್ನಾವಳಿಯ ಹಾಳೆಗಳನ್ನು ಹಿಡಿದು ವೈದ್ಯರ ಹಾಗೂ ಆಡಳಿತಾಧಿಕಾರಿಗಳ ಕೋಣೆಗಳ ಮುಂದೆ ಕಾದು ನಿಂತಿರುವ ದೃಶ್ಯ ಮುಂಬಯಿಯಂತಹ ನಗರದಲ್ಲಿ ಅಪರೂಪವೇನಲ್ಲ. ದೇಶದ ಆರೋಗ್ಯ ವ್ಯವಸ್ಥೆಯಲ್ಲಿ ಯಾವ ಸುಧಾರಣೆ ಆಗಬೇಕು, ವಿಮೆಯಿಂದ ಬಡವರಿಗೆ ಪ್ರಯೋಜನವಾಗಿದೆಯೆ, ಸರಕಾರಿ ಆಸ್ಪತ್ರೆಗಳ ಕೊರತೆಗಳೇನು ಎಂಬಂತಹ ಪ್ರಶ್ನೆಗಳು ಅವುಗಳಲ್ಲಿರುತ್ತವೆ. ಇಬ್ಬರು ರೋಗಿಗಳ ನಡುವಣ ಬಿಡುವಿನಲ್ಲಿ ವೈದ್ಯರು 'ಹೌದು', 'ಅಲ್ಲ'ಗಳ ಮೇಲೆ ಗುರುತು ಹಾಕಿ ಹಿಂದಿರುಗಿಸುತ್ತಾರೆ. ಹಾಳೆಗಳು ಅಂಕಗಳಾಗಿ ಮಾರ್ಪಟ್ಟು ಕಾಲೇಜಿನ ಕಪಾಟನ್ನು ಸೇರುತ್ತವೆ.

ಈ ಶ್ರಮ ವ್ಯರ್ಥವೆಂದು ನಾನು ಹೇಳಲಾರೆ. ಆದರೆ ಕೇಳುವವರು ದಾದಿಯರಾಗಲಿರುವವರು, ಉತ್ತರಿಸುವವರಲ್ಲಿ ಮಾತ್ರ ದಾದಿಯರು ವಿರಳ. 'ತಜ್ಞರ ಅಭಿಪ್ರಾಯ' ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊರಳಿನಲ್ಲಿ ಸ್ಟೆತಾಸ್ಕೋಪು ತೂಗುಹಾಕಿಕೊಂಡ ವ್ಯಕ್ತಿಯೇ ಸರಿ. ರೋಗಿಯ ಮಗ್ಗುಲಲ್ಲಿ ಇಡೀ ರಾತ್ರಿ ಕಳೆಯುವವಳು ತನ್ನ ವೃತ್ತಿಯಲ್ಲಿ ತಜ್ಞಳೆಂಬುದು ಅವಳ ವಿದ್ಯಾರ್ಥಿನಿಯರಿಗೇ ತೋಚದಿದ್ದರೆ, ಸುಧಾರಣಾ ಸಮಿತಿಗಳಿಗೆ ತೋಚುವುದೆಂತು?

ಪ್ರಶ್ನಾವಳಿಯ ಈ ಮಾರ್ಗವನ್ನು ನಮ್ಮ ದೇಶದ ಆರೋಗ್ಯಕ್ಕಾಗಿ ಭವ್ಯವಾಗಿ ಬಳಸಿದವರಲ್ಲಿ ಒಬ್ಬರು ದಾದಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ಕರುಣಾಮೂರ್ತಿಯ ಚಿತ್ರವೊಂದೇ ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಆಕೆ ಲೆಕ್ಕದಲ್ಲಿ ಬಲು ಗಟ್ಟಿಗರೆಂಬುದು ಮರೆತುಹೋಗಿದೆ. ಭಾರತದ ಸೈನ್ಯದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಲು 1859ರಲ್ಲಿ ನೇಮಕವಾದ ರಾಯಲ್ ಆಯೋಗಕ್ಕಾಗಿ ಇಲ್ಲಿಯ ಸೇನಾನೆಲೆಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಅನಾರೋಗ್ಯದ ನಡುವೆಯೂ ಲಂಡನ್ನಿನಲ್ಲಿ ಕುಳಿತು ಪರಿಶೀಲಿಸಿದರು. ಭಾರತಕ್ಕೆ ಆಕೆ ಒಮ್ಮೆಯೂ ಬಂದವರಲ್ಲ. ಆದರೂ ಬೆಂಗಳೂರಿನ ದಂಡುಪ್ರದೇಶದಲ್ಲಿ ಪೇಟೆಯ ಕೊಳಕು ಹರಿದು ಸೇರುತ್ತಿದ್ದ ಹಲಸೂರು ಕೆರೆಯ ನೀರನ್ನೇ ಕುಡಿಯಲು ಬಳಸುತ್ತಿದ್ದರೆಂಬುದನ್ನು ಎತ್ತಿ ತೋರಿಸಿದರು. ನೀರು ಎಲ್ಲಿಂದ ಬರುತ್ತದೆ, ಹೊಲಸು ಎಲ್ಲಿಗೆ ಹೋಗುತ್ತದೆ ಎಂದು ನೇರವಾಗಿ ಕೇಳಿದ್ದರಿಂದಲೇ ಅದು ತಿಳಿದುಬಂತು. 'ನಿಮ್ಮಲ್ಲಿ ನೈರ್ಮಲ್ಯ ತೃಪ್ತಿಕರವೆ?' ಎಂದು ಕೇಳಿದ್ದರೆ ಬಹುಶಃ 'ಹೌದು' ಎಂಬ ಉತ್ತರ ಬಂದಿರುತ್ತಿತ್ತು!

ಇಂದಿನ ಪ್ರಶ್ನಾವಳಿಗಳೂ ಇಂತಹ ಪ್ರಶ್ನೆಗಳನ್ನೇ ಕೇಳಬೇಕು. ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಒಪ್ಪಿಸಿದಾಗ ದೇಶದಲ್ಲಿ ಸುಮಾರು 6,300 ಜನರಿಗೊಬ್ಬ ವೈದ್ಯನಿದ್ದರೆ, ದಾದಿ ಇದ್ದುದು 43,000 ಜನರಿಗೊಬ್ಬಳು. ಅಲ್ಲಿಂದೀಚೆಗೆ ಕಾಲೇಜುಗಳು ಬೆಳೆದಿವೆ, ಕರ್ನಾಟಕದಲ್ಲಂತೂ ಬೀದಿಗೊಂದು ಎಂಬಂತೆ ಬೆಳೆದಿವೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿಕೊಟ್ಟ ಮಾನದಂಡ. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ತಮ್ಮವರ ಪಕ್ಕ ಒಂದು ರಾತ್ರಿ ಕುಳಿತಿದ್ದ ವಾಚಕರು ಈ ಮಾನದಂಡದ ಬೆಲೆಯನ್ನು ತಾವೇ ಕಟ್ಟಬಲ್ಲರು. 'ನಿನ್ನೆ ರಾತ್ರಿ ಎಷ್ಟು ರೋಗಿಗಳನ್ನು ನೋಡಿಕೊಂಡಿರಿ? ಯಾವ ಔಷಧ ಮುಗಿದುಹೋಗಿತ್ತು?' ಇವಕ್ಕೆ ಅಧೀಕ್ಷಕರಿಗಿಂತ ನಿಖರವಾಗಿ ಉತ್ತರಿಸಬಲ್ಲವಳು ಪಾಳಿಯಲ್ಲಿದ್ದ ದಾದಿ.

ಹೊರನಾಡ ಕನ್ನಡಿಗರಾದ ನಾವು ಸೇರಿಸಬೇಕಾದ ಪ್ರಶ್ನೆಯೊಂದಿದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿ, ಪುಣೆಗಳಿಗೆ ಬಂದ ಹೆಣ್ಣುಮಗಳು ಆಸ್ಪತ್ರೆಗೆ ಹೋದರೆ ತನ್ನ ನೋವನ್ನು ಯಾವ ಭಾಷೆಯಲ್ಲಿ ಹೇಳಬೇಕು? ಹೊಟ್ಟೆ ಕಿವುಚುವುದು ಬೇರೆ, ಉರಿಯುವುದು ಬೇರೆ, ಉಬ್ಬರಿಸುವುದು ಬೇರೆ. ಆಕೆಗೆ ಬರುವ ನಾಲ್ಕು ಮಾತಿನ ಹಿಂದಿಯಲ್ಲಿ ಇವೆಲ್ಲವೂ ಬರಿಯ 'ಪೇಟ್ ಮೇ ದರ್ದ್' ಆಗಿಬಿಡುತ್ತವೆ. ಆಗ ವಾರ್ಡಿನಲ್ಲಿ ಕನ್ನಡ ಬಲ್ಲ ದಾದಿಯೋ ಆಯಾಳೋ ಇದ್ದರೆ ರೋಗಿಯ ಪುಣ್ಯ. ಈ ದುಭಾಷಿಯ ಕೆಲಸ ಯಾವ ವೇತನಪಟ್ಟಿಯಲ್ಲೂ ಇಲ್ಲ, ಯಾವ ಪ್ರಶ್ನಾವಳಿಯಲ್ಲೂ ನಾನು ಕಂಡಿಲ್ಲ.

ದಾದಿಯರ ಅಭಿಪ್ರಾಯಕ್ಕೆ ಎಂತಹ ತೂಕವಿರಬಲ್ಲದೆಂಬುದಕ್ಕೆ ನಿದರ್ಶನ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿಯೇ ಇದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು 1973ರ ನವೆಂಬರಿನಲ್ಲಿ ಪಾಶವೀ ಆಕ್ರಮಣಕ್ಕೆ ಗುರಿಯಾಗಿ, ಅರಿವಿಲ್ಲದ ಸ್ಥಿತಿಯಲ್ಲಿ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಬದುಕಿದರು. ತಲೆಮಾರಿನಿಂದ ತಲೆಮಾರಿಗೆ ದಾದಿಯರು ಆಕೆಯನ್ನು ಉಪಚರಿಸಿದರು, ಹಾಸಿಗೆಹುಣ್ಣು ಆಗಗೊಡಲಿಲ್ಲ. ಆಕೆಗೆ ಆಹಾರ ನಿಲ್ಲಿಸಿ ಬಿಡುಗಡೆ ಕೊಡಬೇಕೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, ಆಕೆಯ ಪರವಾಗಿ ನಿರ್ಧರಿಸಲು ನಿಜವಾದ ಆಪ್ತರು ಅರ್ಜಿದಾರರಲ್ಲ, ದಿನವೂ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಎಂದು 2011ರ ಮಾರ್ಚಿನಲ್ಲಿ ನ್ಯಾಯಾಲಯ ಹೇಳಿತು. ಆಕೆ ಬದುಕಬೇಕೆಂದು ಅವರು ಬಯಸಿದ್ದರು. ಅವರ ಮಾತೇ ನಡೆಯಿತು. ಆ ಬಯಕೆ ಸರಿಯೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ನನಗೂ ಸಂಶಯಗಳಿವೆ. ಉಪಚಾರ ಮಾಡಿದವರನ್ನು ಮೊದಲು ಕೇಳಬೇಕೆಂಬುದರಲ್ಲಿ ಸಂಶಯವಿಲ್ಲ.

ಕೇಳಿದರೆ ಹೇಳುವ ಧೈರ್ಯ ಎಲ್ಲರಿಗೂ ಬರುವುದೆ? ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಕೂಡದೆಂದು, ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾದ ಸಮಿತಿ 2016ರಲ್ಲಿ ಶಿಫಾರಸು ಮಾಡಿತು. ತನಗೆ ಎಷ್ಟು ಸಿಗುತ್ತಿದೆಯೆಂದು ಮಾಲೀಕನ ಕಣ್ಣೆದುರಿನಲ್ಲಿ, ಹೆಸರು ಬರೆದು ಸಹಿ ಹಾಕಿ ತಿಳಿಸುವ ದಾದಿ ಎಲ್ಲಿದ್ದಾಳೆ? ಆದುದರಿಂದ ಹಾಳೆಯಲ್ಲಿ ಹೆಸರು, ಸಹಿಗಳ ಜಾಗವನ್ನೇ ತೆಗೆದುಹಾಕಬೇಕು. 'ಹೌದು–ಅಲ್ಲ'ಗಳ ಬದಲು ನಾಲ್ಕು ಸಾಲು ಬರೆಯಲು ಸ್ಥಳವಿರಬೇಕು, ಅದೂ ಬರೆಯುವವಳ ಮಾತೃಭಾಷೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬಸ್ ನಿಲ್ದಾಣಕ್ಕೆ ಹೊರಟವಳನ್ನು ಅಲ್ಲಿಯೇ ಕಂಡು ಕೇಳಬೇಕು. ವಾರ್ಡಿನೊಳಗೆ ಅವಳಿಗೆ ಪುರುಸೊತ್ತಿರುವುದಿಲ್ಲ.

ಕನ್ನಡದಲ್ಲಿ ಬಂದ ಉತ್ತರಗಳನ್ನು ಇಂಗ್ಲಿಷಿಗೆ ಇಳಿಸಿಕೊಡಲು ಜನ ಬೇಕಾದರೆ, ನಮ್ಮ ಸಂಘಗಳಲ್ಲಿ ನಿವೃತ್ತ ಶಿಕ್ಷಕರಿಗೂ ಬ್ಯಾಂಕಿನವರಿಗೂ ಕೊರತೆಯಿಲ್ಲ. ವಾರ್ಷಿಕೋತ್ಸವದ ಸಿದ್ಧತೆ ಮುಗಿದ ಮೇಲೆ ಅವರಿಗೆ ಭಾನುವಾರಗಳೂ ಬಿಡುವಾಗಿಯೇ ಇರುತ್ತವೆ.