ನಿಮ್ಮ ಫೋನಿನಲ್ಲಿ ಫೈರ್‌ಫಾಕ್ಸ್‌ಗೂ ಜಾಗ ಕೊಡಿ

ತೊಣ್ಣೂರು, ಚಿನಕುರಳಿ, ಮೇಲುಕೋಟೆ, ಪಾಂಡವಪುರ ಸೀಮೆಯ ಜನರಲ್ಲಿ ಒಂದು ಮನವಿ



ಪಹಣಿ ನೋಡಲಿ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲಿ, ಮಕ್ಕಳ ರಿಸಲ್ಟ್ ಹುಡುಕಲಿ, ನಮ್ಮಲ್ಲಿ ಬಹುಪಾಲು ಜನ ಒತ್ತುವುದು ಕ್ರೋಮ್ ಎಂಬ ಬ್ರೌಸರನ್ನೇ. ಅದನ್ನು ನಾವು ಆರಿಸಿಕೊಂಡದ್ದಲ್ಲ. ಅಂಗಡಿಯಿಂದ ಫೋನು ತರುವಾಗಲೇ ಒಳಗಿತ್ತು. ಹಾಗೆ ಒಳಗೆ ಕೂರಿಸಿದ ರೀತಿ ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಆಂಡ್ರಾಯ್ಡ್ ಮೇಲಿನ ಹಿಡಿತವನ್ನು ಬಳಸಿ ಕ್ರೋಮ್ ಮುಂತಾದ ತನ್ನ ಆಪ್‌ಗಳಿಗೆ ದಾರಿ ಮಾಡಿಕೊಂಡ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು.

ಬೇರೆ ಬ್ರೌಸರ್ ಎಂದರೆ ಯಾವುದು? ಎಡ್ಜ್, ಬ್ರೇವ್, ಒಪೇರಾ ಹೆಸರು ಕೇಳಿರುತ್ತೀರಿ. ಹೆಸರು ಬೇರೆಯಾದರೂ ಅವುಗಳ ಒಳಗೆ ಇರುವುದು ಗೂಗಲ್ ಬೆಳೆಸಿದ ಕ್ರೋಮಿಯಂ ಎಂಬ ತಳಪಾಯ. ಫೈರ್‌ಫಾಕ್ಸ್ ಹಾಗಲ್ಲ. ಲಾಭಕ್ಕಲ್ಲದ ಮೊಜಿಲ್ಲಾ ಸಂಸ್ಥೆ 2004ರಲ್ಲಿ ಹೊರತಂದ ಅದು ಸ್ವಂತ ಎಂಜಿನ್ನಿನಿಂದಲೇ ಓಡುತ್ತದೆ. ಅದರ ಮೆನುಗಳು ಕನ್ನಡದಲ್ಲೂ ಸಿಗುತ್ತವೆ. ಅನುವಾದ ಮಾಡಿದವರು ಕನ್ನಡದ ಸ್ವಯಂಸೇವಕರು.

ನಮ್ಮೂರಿಗೆ ಅದರ ದೊಡ್ಡ ಉಪಕಾರ ಜಾಹೀರಾತಿನ ವಿಷಯದಲ್ಲಿ. ಪಹಣಿ ಎಂದು ಹುಡುಕಿದರೆ ಸರ್ಕಾರದ ತಾಣದ ಜೊತೆಗೆ ಕಂಡವರ ಪುಟಗಳೂ ಬರುತ್ತವೆ. ಅಲ್ಲಿ 'ಡೌನ್‌ಲೋಡ್' ಎಂದು ಮಿನುಗುವ ಗುಂಡಿ ಎಷ್ಟೋ ಸಲ ಬರೀ ಜಾಹೀರಾತು. ಓದು ಬಾರದ ಅಜ್ಜಿ, ಕಣ್ಣು ಮಂಜಾದ ತಾತ ಒತ್ತುವುದು ಅದನ್ನೇ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ಗೆ 'ಯುಬ್ಲಾಕ್ ಒರಿಜಿನ್' ಎಂಬ ಉಚಿತ ಆಡ್-ಆನ್ ಸೇರಿಸಿದರೆ ಅಂಥವು ಬಹುಪಾಲು ಕಾಣುವುದೇ ಇಲ್ಲ. ಜಾಹೀರಾತು ಇಳಿಯದಿದ್ದರೆ ಡೇಟಾ ಉಳಿಯುತ್ತದೆ, ಪುಟ ಬೇಗ ತೆರೆಯುತ್ತದೆ. ಮಾಮೂಲಿ ಫೋನಿನ ಕ್ರೋಮಿನಲ್ಲಿ ಈ ಸೌಕರ್ಯವಿಲ್ಲ. ಆದರೂ ವಿಳಾಸದಲ್ಲಿ ತಾಣದ ಹೆಸರು 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂದು ಮುಗಿಯುತ್ತದೆಯೇ ಎಂದು ನೋಡಿಯೇ ಪಹಣಿ ಕೊಡುವ ಸರ್ಕಾರದ 'ಭೂಮಿ' ತಾಣಕ್ಕೆ ಹೋಗಿ. ಓಟಿಪಿ ಕೇಳುವ ಕಳ್ಳನನ್ನು ಯಾವ ಬ್ರೌಸರೂ ತಡೆಯಲಾರದು.

ಕೊರತೆಗಳನ್ನೂ ಹೇಳಲೇಬೇಕು. ಕೆಲವು ಸರ್ಕಾರಿ ಮತ್ತು ಬ್ಯಾಂಕಿನ ಪುಟಗಳನ್ನು ಕ್ರೋಮಿನಲ್ಲಿ ಮಾತ್ರ ಪರೀಕ್ಷಿಸಿರುತ್ತಾರೆ. ಫೈರ್‌ಫಾಕ್ಸ್‌ನಲ್ಲಿ ಅವು ತಡವರಿಸಬಹುದು. ಹಳೆಯ, ಕಡಿಮೆ ಮೆಮೊರಿಯ ಫೋನಿನಲ್ಲಿ ಅದು ಭಾರವೆನಿಸಬಹುದು. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಲು ಕ್ರೋಮ್ ಸಲೀಸು, ಇದು ಸಣ್ಣ ಮಾತಲ್ಲ. ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್ ಹುಡುಕಾಟವನ್ನು ಮೊದಲಿಗಿಟ್ಟುಕೊಂಡಿರುವುದಕ್ಕೆ ಗೂಗಲ್ ಕೊಡುವ ಹಣದಿಂದ. ಇದು ನಮಗೂ ಕಸಿವಿಸಿಯ ಸಂಗತಿ.

ಇಷ್ಟಿದ್ದರೂ ಫೈರ್‌ಫಾಕ್ಸ್ ಬೇಕು ಎನ್ನುತ್ತೇವೆ. ಒಂದನ್ನೇ ನಂಬಿ ಕೂತರೆ ಏನಾಗುತ್ತದೆಂದು ಕನ್ನಡಿಗರು ಕಂಡಿದ್ದೇವೆ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಎಷ್ಟೋ ಕನ್ನಡ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನೆಟ್ಟಗೆ ಕಾಣುತ್ತಿದ್ದವು. ಉಳಿದ ಕಡೆ ಅಕ್ಷರವೆಲ್ಲ ಕಲಸುಮೇಲೋಗರ. ದಕ್ಷಿಣ ಕೊರಿಯಾದಲ್ಲಿ ಬ್ಯಾಂಕಿನ ವ್ಯವಹಾರವೇ ಆ ಬ್ರೌಸರಿಗೆ ಕಟ್ಟುಬಿದ್ದು, ಬಿಡಿಸಿಕೊಳ್ಳಲು ವರ್ಷಗಟ್ಟಲೆ ಹಿಡಿಯಿತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿತು.

ಕ್ರೋಮನ್ನು ಕಿತ್ತೊಗೆಯಿರಿ ಎಂದು ನಾವು ಹೇಳುತ್ತಿಲ್ಲ. ಸುದ್ದಿ ಓದಲು, ಹುಡುಕಲು, ಮಕ್ಕಳ ಕೈಗೆ ಫೋನು ಕೊಡುವಾಗ ಫೈರ್‌ಫಾಕ್ಸ್ ಇರಲಿ. ಅರ್ಜಿಯ ಪುಟ ಕೈಕೊಟ್ಟರೆ ಮಾತ್ರ ಕ್ರೋಮ್ ತೆರೆಯಿರಿ. ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ. ಗ್ರಾಮ ಒನ್ ಕೇಂದ್ರದವರು, ಪಂಚಾಯಿತಿ ಗ್ರಂಥಾಲಯದವರು ತಮ್ಮ ಕಂಪ್ಯೂಟರಿನಲ್ಲೂ ಇದನ್ನು ಹಾಕಿಡಬೇಕು. ಯಾವುದಾದರೂ ಸರ್ಕಾರಿ ಪುಟ ಫೈರ್‌ಫಾಕ್ಸ್‌ನಲ್ಲಿ ತೆರೆಯದಿದ್ದರೆ ಸುಮ್ಮನಿರದೆ ಆ ಇಲಾಖೆಗೆ ದೂರು ಬರೆಯಿರಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.